ಹೆಸರು ಬದಲಿಸಿದ ಬಿನ್ನವತ್ತಳೆ

ಕೂಕಟ್‌ಪಲ್ಲಿಯಲ್ಲಿರುವ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಒಂದು ಗೋಡೆಯಿದೆ. ಪ್ರತಿ ನವೆಂಬರಿನಲ್ಲಿ ನಾವು ಒಬ್ಬರನ್ನು 'ಆದರ್ಶ ಕನ್ನಡಿಗ' ಎಂದು ಆರಿಸಿ, ವೇದಿಕೆಗೆ ಕರೆದು, ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಗುಣಗಾನದ ಬಿನ್ನವತ್ತಳೆಯನ್ನು ಓದಿ ಒಪ್ಪಿಸುತ್ತೇವೆ. ಚೌಕಟ್ಟು ಹಾಕಿಸಿದ ಒಂದು ಪ್ರತಿ ಅವರ ಮನೆಗೆ ಹೋದರೆ ಇನ್ನೊಂದು ಈ ಗೋಡೆಗೆ. ಅಲ್ಲಿ ನೇತಾಡುತ್ತಿರುವವುಗಳಲ್ಲಿ ಮೂರನ್ನು ಬಿಟ್ಟು ಉಳಿದವನ್ನೆಲ್ಲ ಬರೆದವನು ನಾನು.

ವಿಮಾ ಕಚೇರಿಯ ಗುಮಾಸ್ತನಾಗಿದ್ದ ನನಗೆ ಈ ಕೆಲಸ ಬಂದದ್ದು ನೆಟ್ಟಗೆ ನಾಲ್ಕು ಸಾಲು ಕನ್ನಡ ಬರೆಯುತ್ತಾನೆ ಎಂಬ ಒಂದೇ ಕಾರಣಕ್ಕೆ. ಮೊದಲೆರಡು ವರ್ಷ ಕಷ್ಟಪಟ್ಟು ಬರೆದೆ. ಆಮೇಲೆ ಜಾಣನಾದೆ. ಕಾಯಕಜೀವಿ, ಬಡವರ ಬಂಧು, ಅನ್ಯರ ಕಷ್ಟಕ್ಕೆ ಓಡಿ ಬರುವ ಹೃದಯವಂತ, ಹೀಗೆ ಎಲ್ಲರಿಗೂ ಹೊಂದುವ ಮಾತುಗಳನ್ನು ಜೋಡಿಸಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡೆ. ನವೆಂಬರ್ ಬಂತೆಂದರೆ ಹೆಸರು ತುಂಬುವುದು, ಫ್ಲೆಕ್ಸ್ ಅಂಗಡಿಗೆ ಕಳಿಸುವುದು. ಹತ್ತು ನಿಮಿಷದ ಕೆಲಸ.

ಮೊದಮೊದಲು ಆ ಗೋಡೆಗೆ ಏರಿದವರು ನಮ್ಮಂಥವರೇ. ಊರಿಂದ ಬಂದ ಕಾಗದಗಳನ್ನು ಓದಲು ಬಾರದವರಿಗೆ ಕೂತು ಓದಿ ಹೇಳುತ್ತಿದ್ದ ಒಬ್ಬ ಪೋಸ್ಟ್‌ಮನ್, ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಭಾಷೆಯ ರೋಗಿಗಳ ಪರವಾಗಿ ಡಾಕ್ಟರರ ಹತ್ತಿರ ತೆಲುಗಿನಲ್ಲಿ ಜಗಳಾಡುತ್ತಿದ್ದ ಒಬ್ಬ ಆಯಾ. ಬರಬರುತ್ತ ಬಿಲ್ಡರ್ ಬಂದರು, ಟ್ರಾವೆಲ್ಸ್ ಮಾಲೀಕರು ಬಂದರು, ಮತ್ತೊಬ್ಬ ಬಿಲ್ಡರ್ ಬಂದರು. ಮಾತುಗಳು ಅವೇ ಇದ್ದವು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಭಾನುವಾರದ ಕನ್ನಡ ತರಗತಿಯನ್ನೂ ನಾನೇ ನಡೆಸುತ್ತಿದ್ದೆ. ಪಠ್ಯಪುಸ್ತಕ ಸಾಲದೆ ಬಂದಾಗ ಮಕ್ಕಳನ್ನು ಆ ಗೋಡೆಯ ಮುಂದೆ ನಿಲ್ಲಿಸಿ ಬಿನ್ನವತ್ತಳೆಗಳನ್ನೇ ಗಟ್ಟಿಯಾಗಿ ಓದಿಸುತ್ತಿದ್ದೆ. ಎಷ್ಟೋ ಮಕ್ಕಳ ಕನ್ನಡವೆಲ್ಲ ಆ ಗೋಡೆಯದೇ.

ಸನತ್‌ನಗರದಲ್ಲಿ ನಮ್ಮ ಕಡೆಯವರೊಬ್ಬರದು ರಬ್ಬರ್ ವಾಷರ್ ಮಾಡುವ ಕಾರ್ಖಾನೆಯಿತ್ತು. ಸಂಘದ ವೇದಿಕೆ ಕಟ್ಟಿಸಿಕೊಟ್ಟವರು ಅವರೇ. ಒಂದು ಮಧ್ಯಾಹ್ನ ಅಲ್ಲಿ ಬೆಂಕಿ ಬಿತ್ತು. ಒಳಗೆ ಒಂಬತ್ತು ಜನ ಹೆಂಗಸರು ಕೆಲಸ ಮಾಡುತ್ತಿದ್ದರು. ಬೆಂಕಿ ಮುಂಬಾಗಿಲ ಕಡೆಯಿಂದ ಹಬ್ಬಿತು. ಹಿಂದಿನ ಶಟರಿಗೆ ಹೊರಗಿನಿಂದ ಬೀಗ. ಕೆಲಸದವರು ಹಿಂದಿನಿಂದ ಹೊರಗೆ ಹೋಗಿ ಹೊತ್ತು ಕಳೆಯುತ್ತಾರೆಂದು ಊಟದ ನಂತರ ದಿನಾ ಬೀಗ ಹಾಕಿಸುತ್ತಿದ್ದರು, ಕೀಲಿ ಮಾಲೀಕರ ಮೇಜಿನ ಡ್ರಾವರಿನಲ್ಲಿರುತ್ತಿತ್ತು. ಚಹಾಕ್ಕೆಂದು ಹೊರಗೆ ಹೋಗಿದ್ದ ಮಷೀನ್ ಆಪರೇಟರ್ ಒಬ್ಬ ಓಡಿ ಬಂದು, ಕಬ್ಬಿಣದ ಸಲಾಕೆಯಿಂದ ಬೀಗ ಒಡೆದು, ಕಾದ ಶಟರನ್ನು ಬರಿಗೈಯಲ್ಲಿ ಎತ್ತಿದ. ಏಳು ಜನ ಹೊರಗೆ ಬಂದರು. ಇಬ್ಬರು ಬರಲಿಲ್ಲ. ಮಾಲೀಕರು ಬಂದು ತಲುಪಿದ್ದು ಬೆಂಕಿ ಆರಿದ ಮೇಲೆ.

ಆ ಆಪರೇಟರ್ ನಮಗೆಲ್ಲ ಗೊತ್ತಿದ್ದವನೇ. ಯಾದಗಿರಿ ಕಡೆಯವನು. ಪ್ರತಿ ವರ್ಷ ಸಂಘದ ಕಾರ್ಯಕ್ರಮಕ್ಕೆ ಬೆಳಿಗ್ಗೆಯೇ ಬಂದು ಜಮಖಾನ ಹಾಸಿ, ತೋರಣ ಕಟ್ಟಿ, ಸಭೆ ಶುರುವಾದ ಮೇಲೆ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಅವನ ಮಗಳು ನನ್ನ ಭಾನುವಾರದ ತರಗತಿಗೆ ಬರುತ್ತಿದ್ದಳು. ಹಣ್ಣು ಹಿಡಿದುಕೊಂಡು ಅವನ ಮನೆಗೆ ಹೋದೆವು. ಬಲಗೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದ್ದರು. ಸಂಘದ ಕಾರ್ಯದರ್ಶಿಗಳು ಅಲ್ಲೇ ಹೇಳಿಬಿಟ್ಟರು, ಈ ಸಲದ ಆದರ್ಶ ಕನ್ನಡಿಗ ಇವನೇ ಎಂದು. ಅವನು ನಡೆದದ್ದನ್ನೆಲ್ಲ ಹೇಳಿದ, ನಾನು ಬರೆದುಕೊಂಡೆ. ಮನೆಗೆ ಬಂದು ಎಷ್ಟೋ ವರ್ಷಗಳ ಮೇಲೆ ಕಂಪ್ಯೂಟರಿನ ಹಳೆಯ ಪ್ರತಿಯನ್ನು ಮುಟ್ಟದೆ ಹೊಸದಾಗಿ ಒಂದು ಬಿನ್ನವತ್ತಳೆ ಬರೆದೆ. ಬರೆಯುತ್ತ ಕಣ್ಣು ತುಂಬಿ ಬಂತು. ನಾನು ಬರೆದದ್ದರಲ್ಲಿ ನಿಜವಾಗಿ ಚೆನ್ನಾಗಿದ್ದದ್ದು ಅದೊಂದೇ.

ಎರಡು ವಾರ ಕಳೆಯುವುದರೊಳಗೆ ಬೇರೆ ಸುದ್ದಿ ಹಬ್ಬಿತು. ಬೀಗ ಹಾಕಿದವನು ಆಪರೇಟರನೇ, ಕೀಲಿ ಅವನ ಹತ್ತಿರವೇ ಇತ್ತು, ಹಾಕಿಕೊಂಡು ಚಹಾಕ್ಕೆ ಹೋಗಿದ್ದ ಎಂದು ಮಾಲೀಕರ ಕಡೆಯವರು ಹೇಳತೊಡಗಿದರು. ಕೇಸು ಅವನ ಮೇಲೆ ಬಂತು. ಕೀಲಿ ಇದ್ದವನು ಬೀಗವನ್ನು ಯಾಕೆ ಒಡೆದ ಎಂದು ಯಾರೂ ಕೇಳಲಿಲ್ಲ. ಕಾರ್ಯಕಾರಿ ಸಮಿತಿ ಸಭೆ ಸೇರಿತು. ಕೇಸು ಮೈಮೇಲಿರುವವನಿಗೆ ಶಾಲು ಹೊದಿಸಿದರೆ ಸಂಘದ ಮರ್ಯಾದೆ ಏನಾಗಬೇಕು ಎಂದು ಒಬ್ಬರು, ಇಷ್ಟು ದೊಡ್ಡ ಆಘಾತವನ್ನು ಎದೆಗುಂದದೆ ಎದುರಿಸಿದ ಮಾಲೀಕರಿಗೆ ನಾವು ಧೈರ್ಯ ತುಂಬಬೇಕಲ್ಲವೇ ಎಂದು ಇನ್ನೊಬ್ಬರು. ಕಾರ್ಯದರ್ಶಿಗಳು ಚಹಾದ ಲೋಟ ನೋಡುತ್ತ ಕೂತಿದ್ದರು. ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಬಿನ್ನವತ್ತಳಿ ಹೆಂಗೂ ತಯಾರ್ ಐತಲ್ಲರೀ. ಹೆಸರೊಂದು ಬದ್ಲಿ ಮಾಡ್ರಿ, ಆತು."

ನಾನು ಬದಲಿಸಿದೆ. ಯಾರೂ ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಬೇಡ ಎಂದಿದ್ದರೆ ನಾನು ಕಳೆದುಕೊಳ್ಳುತ್ತಿದ್ದದ್ದು ಮುಂದಿನ ಸಾಲಿನ ಒಂದು ಕುರ್ಚಿ, ಅಷ್ಟೇ. ಎಂದಿನ ರೂಢಿಯಂತೆ ಹತ್ತು ನಿಮಿಷದಲ್ಲಿ ಹೆಸರು ತೆಗೆದು ಹೆಸರು ಹಾಕಿ, ಆಪರೇಟರ್ ಎಂದಿದ್ದಲ್ಲಿ ಉದ್ಯಮಿ ಎಂದು ತಿದ್ದಿ, ಒಮ್ಮೆಯೂ ಓದಿ ನೋಡದೆ ಅಂಗಡಿಗೆ ಕಳಿಸಿದೆ.

ವೇದಿಕೆಯ ಮೇಲೆ ನಿಂತು ಓದುವಾಗ ಗೊತ್ತಾಯಿತು. 'ಕಾದ ಕಬ್ಬಿಣಕ್ಕೆ ಬಲಗೈ ಸುಟ್ಟು ಚರ್ಮ ಕಿತ್ತುಬಂದರೂ ಬಿಡದೆ ಶಟರನ್ನೆತ್ತಿ ಏಳು ಜೀವಗಳನ್ನು ಉಳಿಸಿದ ಧೀರರೇ' ಎಂಬ ಸಾಲು ಹಾಗೆಯೇ ಉಳಿದುಬಿಟ್ಟಿತ್ತು. ನಿಲ್ಲಿಸಲಿಲ್ಲ, ಓದಿದೆ. ನನ್ನ ಪಕ್ಕದಲ್ಲಿ ಮಾಲೀಕರು ಎರಡೂ ಕೈ ಜೋಡಿಸಿಕೊಂಡು ನಿಂತಿದ್ದರು. ಮೂರು ಉಂಗುರದ, ಒಂದು ಗೆರೆ ಗಾಯವಿಲ್ಲದ ಕೈಗಳು. ಸಭೆಯಲ್ಲಿ ಇನ್ನೂರು ಜನ ಆ ಕೈಗಳನ್ನು ನೋಡುತ್ತಿದ್ದರು. ಯಾರಾದರೂ ಒಬ್ಬರು ನಗಬಹುದು, ಒಬ್ಬರು ಎದ್ದು ಇದೇನು ಎಂದು ಕೇಳಬಹುದು ಅಂದುಕೊಂಡೆ. ಹಿಂದಿನ ಗೋಡೆಗೆ ಒರಗಿ, ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಅವನೂ ನಿಂತಿದ್ದ. ಆ ಬೆಳಿಗ್ಗೆ ಒಂದೇ ಕೈಯಲ್ಲಿ ಜಮಖಾನ ಹಾಸಿದ್ದ. ಚಪ್ಪಾಳೆ ಬಹಳ ಹೊತ್ತು ಕೇಳಿಸಿತು.

ಅದಾದ ಮೇಲೆ ಅವನು ಒಮ್ಮೆ ನನ್ನ ಮನೆಗೆ ಬಂದ. ಬೆಂಕಿಯ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯ ಮುಂದೆ ಮಾಲೀಕರ ವಕೀಲರು, ಶಟರೆತ್ತಿದವರು ಮಾಲೀಕರೇ ಎಂಬುದಕ್ಕೆ ಸಾಕ್ಷಿಯೆಂದು, ಬಿನ್ನವತ್ತಳೆಯನ್ನೇ ಇಟ್ಟಿದ್ದರು, ತೆಲುಗು ಅನುವಾದದ ಜೊತೆಗೆ. ಅನುವಾದ ಮಾಡಿಕೊಟ್ಟವನೂ ನಾನೇ, ಅದು ಅವನಿಗೆ ಗೊತ್ತಿರಲಿಲ್ಲ. ನಾನು ಮೊದಲು ಬರೆದ ಪ್ರತಿ ಇದ್ದರೆ ತೋರಿಸಿ, ತನ್ನಿಂದ ಕೇಳಿ ಬರೆದುಕೊಂಡದ್ದನ್ನು ಅಧಿಕಾರಿಗೆ ಹೇಳಬೇಕೆಂದು ಕೇಳಿದ.

"ನಂಗ ಶಾಲು ಬ್ಯಾಡ್ರಿ ಮಾಸ್ತರ್ರ," ಅಂದ. "ಕೀಲಿ ಹಾಕಿದಾವ ಇವ ಅಲ್ಲ ಅಂತ ನಾಕ್ ಮಂದಿ ಮುಂದ ಒಬ್ರು ಅಂದ್ರ ಸಾಕು."

ನೋಡೋಣ ಎಂದೆ. ಪ್ರತಿ ಎಲ್ಲಿದೆಯೋ ಹುಡುಕಬೇಕು ಎಂದೆ. ಅದು ಅವನು ಕೂತಿದ್ದ ಕುರ್ಚಿಯ ಹಿಂದಿನ ಕಪಾಟಿನಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ವಿಚಾರಣೆಯ ವರದಿಯಲ್ಲಿ ತಪ್ಪು ಅವನದೆಂದೇ ಬಂತು. ಕೆಲಸ ಹೋಯಿತು. ಈಗ ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಬಲಗೈ ಬೆರಳುಗಳು ಮಡಚುವುದಿಲ್ಲ, ಬಂದುಹೋದವರ ಹೆಸರನ್ನು ಎಡಗೈಯಲ್ಲಿ ಬರೆಯುತ್ತಾನೆ. ಕೋರ್ಟಿನಲ್ಲಿ ಕೇಸು ಇನ್ನೂ ನಡೆಯುತ್ತಿದೆ.

ಒಂದು ಸಮಾಜ ಯಾರನ್ನು ಮೆಚ್ಚುತ್ತದೆ ಎಂಬುದರಿಂದ ಅದರ ಗುಣ ತಿಳಿಯುತ್ತದೆ ಎಂದು ಭಾಷಣಗಳಲ್ಲಿ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ನಾನು ಕಂಡದ್ದು ಇನ್ನೂ ಕೆಟ್ಟದ್ದು. ಒಳ್ಳೆಯತನ ಎಂದರೇನೆಂದು ನಮಗೆ ತಿಳಿಯದೆ ಇಲ್ಲ. ನಮ್ಮ ಗೋಡೆಯ ಮೇಲಿನ ಒಂದು ಗುಣವೂ ಸುಳ್ಳಲ್ಲ, ಎಲ್ಲವೂ ಎಲ್ಲೋ ಯಾರಲ್ಲೋ ಇದ್ದವೇ. ಅವನ್ನು ಇದ್ದವನಿಂದ ಕಿತ್ತು ಬೇಕಾದವನಿಗೆ ತೊಡಿಸುವುದನ್ನು ನಾವು ಕಲಿತೆವು. ಆ ಕೆಲಸಕ್ಕೆ ಇಟ್ಟುಕೊಂಡ ದರ್ಜಿ ನಾನು.

ಮರುವರ್ಷ ನವೆಂಬರಿನಲ್ಲಿ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟೆವು. ವಿಷಯ, ನನ್ನ ಆದರ್ಶ ವ್ಯಕ್ತಿ. ತೀರ್ಪುಗಾರರು ಇಬ್ಬರು, ನಾನು ಮತ್ತು ಅಧ್ಯಕ್ಷರು. ಆಪರೇಟರನ ಮಗಳು ಎಂಟನೇ ತರಗತಿ. ಮುದ್ದಾದ ಅಕ್ಷರ. ಅವಳು ಬರೆದದ್ದು ಮಾಲೀಕರ ಬಗ್ಗೆ. ಕಾದ ಕಬ್ಬಿಣಕ್ಕೆ ಬಲಗೈ ಸುಟ್ಟು ಚರ್ಮ ಕಿತ್ತುಬಂದರೂ ಬಿಡದೆ ಶಟರನ್ನೆತ್ತಿದ ಧೀರರು ಎಂದು ನನ್ನ ಸಾಲನ್ನು ಒಂದು ತಪ್ಪಿಲ್ಲದೆ ಬರೆದಿದ್ದಳು. ಅಪ್ಪನ ಆ ಕೈಗೆ ದಿನಾ ಎಣ್ಣೆ ಸವರುತ್ತಿದ್ದವಳೂ ಅವಳೇ.

ಹೊರಗೆ ಕರೆದು, ಅಪ್ಪನ ಬಗ್ಗೆ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಅವಳು ಚಪ್ಪಲಿಯ ತುದಿ ನೋಡುತ್ತ ಹೇಳಿದಳು.

"ಅಪ್ಪಾನ ಹೇಳ್ಯಾನ್ರಿ, ಗ್ವಾಡಿ ಮ್ಯಾಲಿಂದ ಬರಿ ಅಂತ. ಅದನ್ನ ಎಲ್ಲಾರೂ ಖರೇ ಅಂತಾರಂತ. ಅವನ ಬಗ್ಗೆ ಬರದ್ರ ಸುಳ್ಳು ಬರದಾಳ ಅಂತಾರಂತ್ರಿ."

ಅಧ್ಯಕ್ಷರು ಅವಳಿಗೆ ಮೊದಲ ಬಹುಮಾನ ಎಂದರು. ನಾನು ಸಹಿ ಹಾಕಿದೆ. ಬಹುಮಾನ ಕೊಟ್ಟವರು ಮಾಲೀಕರು. ಅವಳು ಬಗ್ಗಿ ಅವರ ಕಾಲು ಮುಟ್ಟಿದಳು. ವಾಚ್‌ಮನ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಅವಳ ಅಪ್ಪ ಹಿಂದಿನ ಗೋಡೆಯ ಹತ್ತಿರ, ತನ್ನ ಹಳೆಯ ಜಾಗದಲ್ಲಿ ನಿಂತಿದ್ದ. ಎರಡು ಕೈ ಸೇರಿಸಿ ಹೊಡೆಯಲು ಆಗದೆ, ಎಲ್ಲರ ಚಪ್ಪಾಳೆ ನಿಲ್ಲುವವರೆಗೂ ಎಡಗೈಯಿಂದ ತೊಡೆಯನ್ನು ತಟ್ಟುತ್ತಿದ್ದ.