ಸೊಟ್ಟ ಗೆರೆಯ ಬುಟ್ಟಿ

ಕರಣೆ ಕೈಯಿಂದ ಜಾರಿತು.

ಶಿಕಾರಿಪುರದಲ್ಲಿ ಒಂದು ಹೊಸ ಮನೆಯ ಗೋಡೆಗೆ ಗಾರೆ ಮಾಡುತ್ತಿದ್ದೆ. ಬಗ್ಗಿ ಎತ್ತಿಕೊಂಡೆ. ಮತ್ತೆ ಜಾರಿತು. ನಿದ್ದೆ ಸಾಲದ್ದಕ್ಕೆ ಇರಬೇಕು ಎಂದುಕೊಂಡು ಎಡಗೈಯಲ್ಲಿ ಮೆತ್ತಲು ಹೋದೆ. ಜೊತೆಯ ಕೆಲಸಗಾರ ಮಲ್ಲೇಶ ನನ್ನ ಮುಖ ನೋಡಿದ.

"ಮೇಸ್ತ್ರಿ, ಬಾಯಿ ಯಾಕೆ ಹಂಗೆ ವಾಲೈತಿ?"

"ನಿನ್ನ ಕೆಲಸ ನೋಡು" ಎಂದು ಬೈಯಲು ಹೋದೆ. ಮಾತು ಹೊರಗೆ ಬರಲಿಲ್ಲ.

ಸ್ಟ್ರೋಕ್ ಅಂದರು.

ಶಿವಮೊಗ್ಗದಲ್ಲಿ ಸ್ಕ್ಯಾನ್, ಐಸಿಯು, ವಾರ್ಡು ಎಲ್ಲ ಮುಗಿದು ಆನವಟ್ಟಿ ಹತ್ತಿರದ ನಮ್ಮೂರಿಗೆ ಬಂದಾಗ ಮಾತು ತೊದಲುತ್ತಲಾದರೂ ಮರಳಿತ್ತು, ಬಲಗೈ ಮಾತ್ರ ನನ್ನದಾಗಿರಲಿಲ್ಲ. ಓದು ಅರ್ಧಕ್ಕೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು ನಾನು. ನನ್ನ ಕೈಯೊಂದಿದ್ದರೆ ಸಾಕು ಎಂಬ ಜಂಬ ಇತ್ತು. ಈಗ ಅಂಗಿಯ ಗುಂಡಿ ಹಾಕುವುದೂ ಹೆಂಡತಿ ನಾಗವೇಣಿಯೇ. ಗದ್ದದ ಮೇಲೆ ಅನ್ನದ ಅಗುಳು ಉಳಿದರೆ ನನಗೆ ತಿಳಿಯುತ್ತಿರಲಿಲ್ಲ. ನೋಡಲು ಬಂದವರೆದುರು ಅವಳು ಸೆರಗಿನಲ್ಲಿ ಒರೆಸುವಾಗ, ನಿದ್ದೆ ಬಂದವನಂತೆ ಕಣ್ಣು ಮುಚ್ಚಿಬಿಡುತ್ತಿದ್ದೆ.

ಫಿಸಿಯೋಥೆರಪಿಯವರು ಒತ್ತಲು ರಬ್ಬರ್ ಚೆಂಡು ಕೊಟ್ಟಿದ್ದರು. ಮಂಚದ ಕೆಳಗೆ ಉರುಳಿಸಿಬಿಟ್ಟೆ. ಎಷ್ಟು ಒತ್ತಿದರೂ ಅದು ಮತ್ತೆ ಉಬ್ಬುತ್ತದೆ. ದಿನವಿಡೀ ಒತ್ತಿದರೂ ಸಂಜೆ ನಿಂತು ನೋಡಲು ಒಂದು ಗೋಡೆಯೂ ಎದ್ದಿರುವುದಿಲ್ಲ.

ಭೂಮಿ ಹುಣ್ಣಿಮೆ ಹತ್ತಿರವಾಯಿತು. ಅವತ್ತು ಬಸುರಿ ಭೂಮಿತಾಯಿಗೆಂದು ಗದ್ದೆಗೆ ಅಡುಗೆ ಒಯ್ಯುವ ಬುಟ್ಟಿಗಳಿಗೆ ಹೆಂಗಸರು ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ನಾಗವೇಣಿಯ ಗೆರೆ ಊರಿಗೇ ಹೆಸರು. ಮದುವೆ ಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯಲು ಅವಳನ್ನೇ ಕರೆಯುತ್ತಾರೆ.

ದೊಡ್ಡ ಬುಟ್ಟಿ ಮುಗಿಸಿದವಳು ಚಿಕ್ಕದನ್ನು ನನ್ನ ತೊಡೆಯ ಮೇಲಿಟ್ಟು, ಪುಂಡಿ ನಾರಿನ ಕುಂಚವನ್ನು ಬಲಗೈಗೆ ಸಿಕ್ಕಿಸಿದಳು.

"ಹೆಂಗಸ್ರ ಕೆಲಸ ನಂಗ್ಯಾಕೆ?"

"ಗೋಡೆಗೆ ಮೆತ್ತಿದ್ರೆ ಗಂಡಸ್ರ ಕೆಲಸ, ಬುಟ್ಟಿಗೆ ಬಳಿದ್ರೆ ಹೆಂಗಸ್ರದ್ದಾ? ಸುಮ್ನೆ ಎಳೀರಿ."

ಎಳೆದೆ. ಗೆರೆ ಹಾವಿನ ಹಾಗೆ ಹೋಯಿತು. ನೂಲು ಹಿಡಿದು ಗೋಡೆ ಎಬ್ಬಿಸಿದ ಕೈ ಅದು. ಆದರೂ ಗೆರೆ ಅಲ್ಲಿತ್ತು. ಚೆಂಡಿನ ಮೇಲಿನ ಒತ್ತಿನಂತೆ ಮಾಯವಾಗಲಿಲ್ಲ. ಮರುದಿನ ಕಾಫಿ ಕುಡಿದು ನಾನೇ ಬುಟ್ಟಿ ಕೇಳಿದೆ. ಬಾಗಿಲು ಹಾಕಿಸಿಕೊಂಡೇ ಬರೆದೆ.

ಮುಗಿದ ದಿನ ಒಣಗಲಿ ಎಂದು ಅವಳು ಬುಟ್ಟಿಗಳನ್ನು ಜಗುಲಿಯಲ್ಲಿಟ್ಟಳು. ನನ್ನನ್ನು ನೋಡಲು ಬಂದ ಮಲ್ಲೇಶನ ಕಣ್ಣು ಚಿಕ್ಕ ಬುಟ್ಟಿಯ ಮೇಲೆ ಬಿತ್ತು.

"ಇದ್ಯಾರು ಬರೆದಿದ್ದು?"

"ಅವಳೇ" ಎಂದುಬಿಟ್ಟೆ.

"ಅತ್ತಿಗೆ, ಏನಾತು ಕೈಗೆ?"

"ಕಣ್ಣು ಮಂಜಾಗ್ಯಾವೆ ಕಣೋ" ಎಂದಳು ನಾಗವೇಣಿ. ಅವನು ಹೋದ ಮೇಲೆ ನನ್ನ ಕಡೆ ನೋಡದೆ ಅಕ್ಕಿ ಆರಿಸುತ್ತ ಕೂತಳು. ಬೈದಿದ್ದರೆ ಹಗುರಾಗುತ್ತಿತ್ತು. ಗದ್ದ ಒರೆಸಿಸಿಕೊಂಡಿದ್ದಕ್ಕೆ ನಾಚಿದವನು, ನನ್ನ ಸೊಟ್ಟ ಗೆರೆಯನ್ನು ಅವಳ ಹೆಸರಿಗೆ ಮೆತ್ತಿದ್ದೆ.

ಹುಣ್ಣಿಮೆಯ ನಸುಕಿನಲ್ಲಿ ಗದ್ದೆಗೆ ಹೋದೆವು. ಪ್ರತಿ ವರ್ಷ ನಾನು ಹೊರುತ್ತಿದ್ದ ದೊಡ್ಡ ಬುಟ್ಟಿ ಈ ಸಲ ನನ್ನ ತಮ್ಮನ ತಲೆಯ ಮೇಲಿತ್ತು. ನಾನು ಕೋಲೂರಿ ಹಿಂದೆ ಹೋದೆ. ಪೂಜೆ ಮುಗಿದಾಗ ಪಕ್ಕದ ಗದ್ದೆಯ ಗೌರಕ್ಕ ಬದುವಿಗೆ ಬಂದು ಚಿಕ್ಕ ಬುಟ್ಟಿ ನೋಡಿ ನಕ್ಕಳು.

"ಏನೇ ನಾಗವೇಣಿ, ಕಣ್ಣು ಮುಚ್ಕಂಡು ಬರೆದ್ಯಾ?"

ನಾಗವೇಣಿ ಏನೋ ಹೇಳಲು ಹೊರಟಳು.

"ನಾ... ನಾ ಬರೆದಿದ್ದು."

ನಾಲಿಗೆ ತೊಡರಿತು. ಯಾರಿಗೂ ತಿಳಿಯಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಇನ್ನೂ ಕಷ್ಟ. ನನ್ನ ತಮ್ಮ ತಲೆ ತಗ್ಗಿಸಿದ. ಗೌರಕ್ಕ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹಂಗಾರೆ ಬರೋ ವರ್ಷ ನಮ್ಮನೇದೂ ಬರ್ಕೊಡು ಮೇಸ್ತ್ರಿ. ಗೆರೆ ನೆಟ್ಟಗಿಲ್ದಿದ್ರೆ ಒಡೆಸಿ ಮತ್ತೆ ಕಟ್ಟಿಸ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ವಾಲಿದ ಬಾಯಲ್ಲೇ.

ಕರಣೆ ಹಿಡಿಯುವ ಮಾತನ್ನು ಡಾಕ್ಟರು ಇನ್ನೂ ಆಡಿಲ್ಲ. ನಾಗವೇಣಿ ಈಗ ಬಿಳುಪನ್ನು ಎರಡು ಕರಟದಲ್ಲಿ ಕಲೆಸುತ್ತಾಳೆ, ಒಂದು ಅವಳಿಗೆ, ಒಂದು ನನಗೆ. ಹಳೇ ಮೊರಗಳ ಮೇಲೆ ಬರೆಯುತ್ತೇನೆ. ರಸ್ತೆಯಲ್ಲಿ ಬೈಕಿನ ಸದ್ದಾದರೆ, ಯಾರಾದರೂ ಬಂದರೇನೋ ಎಂದು ಈಗಲೂ ಕೈ ನಿಲ್ಲುತ್ತದೆ.

ಬಾಗಿಲು ಮಾತ್ರ ಹಾಕಿಸುವುದಿಲ್ಲ.