ಚೀಟಿಯ ಹಿಂದಿನ ದೀಪ

ಅವನನ್ನು ಕಚೇರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಪ್ಪತ್ತಾರು ವರ್ಷ ರೌಟರ್ ಪೆಟ್ಟಿಗೆಗಳಿಗೆ ಪ್ರೊಸೆಸರ್ ಕಾರ್ಡು ಕೂರಿಸುವುದು, ಕೆಟ್ಟದ್ದನ್ನು ಕಿತ್ತು ಹೊಸದು ಹಾಕುವುದು, ಧೂಳು ತೆಗೆಯುವುದು, ಇದನ್ನೇ ಮಾಡಿದವನಿಗೆ ಕಾರ್ಡಣ್ಣ ಎಂಬ ಹೆಸರು ಅಂಟಿಕೊಂಡಿತ್ತು. ಸಂಬಳದ ದಿನ ರುಜು ಹಾಕುವಾಗ ಮಾತ್ರ ಅವನಿಗೆ ತನ್ನ ಹೆಸರು ನೆನಪಾಗುತ್ತಿತ್ತಂತೆ. ಅದು ಅವನೇ ಹೇಳಿಕೊಂಡು ನಗುತ್ತಿದ್ದ ಮಾತು.

ಆ ಪೆಟ್ಟಿಗೆ ನೋಡದವರಿಗೆ ಹೇಳುವುದಾದರೆ, ಅದು ಮೊಣಕಾಲೆತ್ತರದ ಒಂದು ಕಬ್ಬಿಣದ ಗೂಡು. ಒಳಗೆ ಪುಸ್ತಕ ಜೋಡಿಸಿದ ಹಾಗೆ ಕಾರ್ಡುಗಳನ್ನು ಜಾರಿಸಿ ಕೂರಿಸಿರುತ್ತಾರೆ. ಒಂದು ಕಟ್ಟಡದಲ್ಲಿರುವ ಕಂಪ್ಯೂಟರುಗಳ ಮಾತೆಲ್ಲ ಅದರ ಮೂಲಕವೇ ಹೊರಗೆ ಹೋಗಬೇಕು, ಒಳಗೆ ಬರಬೇಕು. ಯಾವ ಮಾತು ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವುದು ಪ್ರೊಸೆಸರ್ ಕಾರ್ಡು. ಒಂದೇ ಇದ್ದರೆ ಅದು ಕೈಕೊಟ್ಟ ದಿನ ಎಲ್ಲವೂ ನಿಂತುಬಿಡುತ್ತದೆಂದು ಎರಡು ಇಡುತ್ತಾರೆ. ಒಂದು ದುಡಿಯುತ್ತದೆ, ಅದನ್ನು ಆ್ಯಕ್ಟಿವ್ ಅನ್ನುತ್ತಾರೆ. ಇನ್ನೊಂದು ಕಣ್ಣು ಬಿಟ್ಟುಕೊಂಡು ಪಕ್ಕದಲ್ಲಿ ಕಾಯುತ್ತದೆ, ಅದು ಸ್ಟ್ಯಾಂಡ್‌ಬೈ. ದುಡಿಯುವುದು ಬಿದ್ದರೆ ಕಾಯುವುದು ಅದರ ಕೆಲಸಕ್ಕೆ ನಿಲ್ಲಬೇಕು. ಆಮೇಲೆ ಬಿದ್ದದ್ದು ಚೇತರಿಸಿಕೊಂಡು ಎದ್ದರೂ ಹಳೆಯ ಕೆಲಸ ವಾಪಸು ಸಿಗುವುದಿಲ್ಲ, ಅದು ಇನ್ನು ಕಾಯುತ್ತ ಕೂರಬೇಕು. ಹೀಗೆ ಕರೆಂಟು ಹೋಗಿ ಬಂದರೂ ಎರಡರ ಪಾತ್ರ ಅದಲುಬದಲಾಗುವುದುಂಟು. ಸದ್ಯಕ್ಕೆ ಯಾವುದು ದುಡಿಯುತ್ತಿದೆ ಎಂದು ತಿಳಿಯಲು ಕಾರ್ಡಿನ ಮುಖದ ಮೇಲೆ ಸಾಸಿವೆಯಷ್ಟು ಒಂದು ಹಸಿರು ದೀಪ ಇರುತ್ತದೆ, ದುಡಿಯುವ ಕಾರ್ಡಿನಲ್ಲಿ ಮಾತ್ರ ಅದು ಉರಿಯುತ್ತದೆ. ನಿಯಮ ಕೇಳಿದರೆ, ದೀಪವನ್ನೂ ನಂಬುವ ಹಾಗಿಲ್ಲ. ಲ್ಯಾಪ್‌ಟಾಪು ಜೋಡಿಸಿ ಪೆಟ್ಟಿಗೆಯನ್ನೇ ಕೇಳಿ, ಅದು ಹೇಳಿದ ಮೇಲೆಯೇ ಕಾರ್ಡಿಗೆ ಕೈ ಹಾಕಬೇಕು.

ಕಾರ್ಡಣ್ಣ ಮೊದಮೊದಲು ಹಾಗೆಯೇ ಮಾಡುತ್ತಿದ್ದ. ಮೈಯೊಳಗಿನ ವಿದ್ಯುತ್ತಿನಿಂದ ಕಾರ್ಡು ಸಾಯದಿರಲೆಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಅದರ ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ಎರಡು ಸಲ ಕೇಳಿ ನೋಡಿ, ಆಮೇಲೆ ಕಾರ್ಡಿನ ಎರಡೂ ತುದಿಯ ಕಿವಿಯಂಥ ಹಿಡಿಗಳನ್ನು ಒಟ್ಟಿಗೆ ಎತ್ತಿ, ಮಲಗಿದ ಮಗುವನ್ನು ತೊಟ್ಟಿಲಿನಿಂದ ತೆಗೆಯುವ ಹಾಗೆ ಹೊರಗೆಳೆಯುತ್ತಿದ್ದ. ಒಂಬತ್ತು ವರ್ಷದ ಹಿಂದೆ ಕಚೇರಿಯಲ್ಲಿ ಜನ ಕಡಿಮೆಯಾದರು. ಹತ್ತೊಂಬತ್ತು ಕಟ್ಟಡಗಳ ಪೆಟ್ಟಿಗೆಗಳು ಅವನೊಬ್ಬನ ತಲೆಗೆ ಬಿದ್ದವು. ಹೋದಲ್ಲೆಲ್ಲ ಅದೇ ಕಿಟಕಿಯಿಲ್ಲದ ಕೋಣೆ, ಮೂಳೆಗೆ ಇಳಿಯುವ ಎಸಿಯ ಚಳಿ, ಕಿವಿ ಗುಂಯ್‌ಗುಡಿಸುವ ಫ್ಯಾನುಗಳು. ಪೆಟ್ಟಿಗೆಗಳೂ ಯಾವಾಗಲೂ ನೆಲದ ಹತ್ತಿರವೇ. ಬಗ್ಗಿ ಬಗ್ಗಿ ಮೊಣಕಾಲಿನ ಚಿಪ್ಪು ಸವೆದುಹೋಯಿತು. ಆಗ ಅವನಿಗೊಂದು ಉಪಾಯ ಹೊಳೆಯಿತು. ಒಮ್ಮೆ ಕೇಳಿ ತಿಳಿದುಕೊಂಡ ಮೇಲೆ ಕಾಯುವ ಕಾರ್ಡಿನ ಮುಖಕ್ಕೆ ದಪ್ಪ ಪೆನ್ನಿನಲ್ಲಿ ‘ಸ್ಟ್ಯಾಂಡ್‌ಬೈ’ ಎಂದು ಬರೆದ ಬಿಳಿ ಚೀಟಿ ಅಂಟಿಸತೊಡಗಿದ. ಮುಂದಿನ ಸಲ ಬಂದಾಗ ನಿಂತಲ್ಲಿಂದಲೇ ಕಾಣುತ್ತಿತ್ತು. ಚೀಟಿ ಕಾರ್ಡಿಗೆ ಅಂಟಿರುತ್ತದೆ, ಪಾತ್ರ ಅಂಟಿರುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಬೆಳಗಾದರೆ ಅದನ್ನೇ ನೋಡುವವನು. ಆದರೆ ದಣಿದವನ ಕೈ ತಲೆಯನ್ನು ಕೇಳುವುದಿಲ್ಲ.

ಅವನ ಜೊತೆಗೆ ಮೂರು ವರ್ಷದಿಂದ ಒಬ್ಬಳು ಕೆಲಸಕ್ಕಿದ್ದಳು. ಸದಾ ಹಣೆಗೊಂದು ಬ್ಯಾಟರಿ ದೀಪ ಕಟ್ಟಿಕೊಂಡು ಓಡಾಡುವವಳಾದ್ದರಿಂದ ಎಲ್ಲರೂ ಹಣೆಬ್ಯಾಟರಿ ಎಂದು ಕರೆಯುತ್ತಿದ್ದರು. ಅವಳದು ವರ್ಷವರ್ಷಕ್ಕೂ ಒಪ್ಪಂದ ಬದಲಾಯಿಸುವ ನೌಕರಿ. ಮನೆಯಲ್ಲಿ ಶಾಲೆಗೆ ಹೋಗುವ ಮಗಳು, ಹಾಸಿಗೆ ಹಿಡಿದ ಅತ್ತೆ. ದುಡಿಯುವ ಕೈ ಇವಳದೊಂದೇ. ಕೆಲಸ ಕಲಿಸಿದವನು ಕಾರ್ಡಣ್ಣನೇ.

ಒಂದು ಬುಧವಾರ ಆಸ್ಪತ್ರೆಯಿಂದ ದೂರು ಬಂತು. ಸ್ಟ್ಯಾಂಡ್‌ಬೈ ಕಾರ್ಡಿನ ಮೆಮೊರಿ ಹಾಳಾಗಿದೆ, ಬದಲಾಯಿಸಬೇಕು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಹೊರರೋಗಿಗಳು ಇರುವುದಿಲ್ಲ, ಅಷ್ಟರೊಳಗೆ ಮುಗಿಸಿ ಎಂದರು. ಹೋಗಬೇಕಾದವನು ಕಾರ್ಡಣ್ಣ. ಆದರೆ ಅವತ್ತು ಬೆಳಿಗ್ಗೆಯೇ ಎರಡು ಕಡೆ ಬಗ್ಗಿ ಎದ್ದು ಬಂದಿದ್ದ.

“ತಂಗೀ, ಇದೊಂದು ನೀನೇ ನೋಡ್ಕೊಂಡು ಬಾರಮ್ಮ. ನನ್ನ ಕಾಲು ಇವತ್ತು ನನ್ನ ಮಾತು ಕೇಳ್ತಿಲ್ಲ.”

“ಯಾವತ್ತು ಕೇಳಿದೆ ಅಣ್ಣಾ ಅದು? ಕೂತ್ಕೊಳ್ಳಿ, ನಾನು ಹೋಗ್ತೀನಿ.”

ಅವಳು ಅವಸರದಲ್ಲಿ ಹೊರಟವಳು ಲ್ಯಾಪ್‌ಟಾಪಿನ ಕೇಬಲ್ಲು ಮೇಜಿನ ಮೇಲೆಯೇ ಬಿಟ್ಟಿದ್ದಳು. ಆಸ್ಪತ್ರೆಗೆ ಹೋಗಿ ಚೀಲ ತಡಕಿದಾಗ ಗೊತ್ತಾಯಿತು. ವಾಪಸು ಬಂದು ಹೋಗುವಷ್ಟರಲ್ಲಿ ಕೊಟ್ಟ ಒಂದು ಗಂಟೆ ಮುಗಿಯುತ್ತದೆ. ಎಡಗಡೆಯ ಕಾರ್ಡಿನ ಮೇಲೆ ‘ಸ್ಟ್ಯಾಂಡ್‌ಬೈ’ ಎಂಬ ಚೀಟಿ ಕಂಡಿತು. ಎರಡು ಕಿವಿಯನ್ನೂ ಎತ್ತಿ ಎಳೆದಳು.

ದುಡಿಯುತ್ತಿದ್ದ ಕಾರ್ಡು ಅದು. ಕೆಟ್ಟಿದ್ದದ್ದು ಬಲಗಡೆಯದು. ಕೆಲಸ ವಹಿಸಿಕೊಳ್ಳಲು ಹೋಗಿ ಅದು ನಡುದಾರಿಯಲ್ಲೇ ಕುಸಿಯಿತು. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಮೂಕವಾದವು.

ಫೋನು ಬಂದ ಕೂಡಲೇ ಕಾರ್ಡಣ್ಣ ಆಟೋ ಹತ್ತಿದ. ಅವನು ಮುಟ್ಟುವ ಹೊತ್ತಿಗೆ ಅವಳು ಕಿತ್ತ ಕಾರ್ಡನ್ನು ಮತ್ತೆ ಕೂರಿಸಿ, ಅದು ಎದ್ದೀತೆಂದು ಕಾಯುತ್ತ ನಿಂತಿದ್ದಳು. ಅವನು ಮೊಣಕಾಲೂರಿ ಕೂತು, ಇನ್ನೊಂದನ್ನು ಏಳಗೊಡದೆ ಅಡ್ಡಿಯಾಗಿದ್ದ ಹಾಳಾದ ಬಲಗಡೆಯದನ್ನು ಎಳೆದು ಪಕ್ಕಕ್ಕಿಟ್ಟು, ಎಡಗಡೆಯದನ್ನು ಹೊಸದಾಗಿ ಒತ್ತಿ ಕೂರಿಸಿದ. ಅದು ಏಳಲು ಹನ್ನೊಂದು ನಿಮಿಷ ಬೇಕು. ಅಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಹೊರಗೆ ಔಷಧಿಯ ಕಿಟಕಿಯಲ್ಲಿ ಒಬ್ಬ ಕೈಯಲ್ಲೇ ಬರೆಯುತ್ತಿದ್ದ. ಮುದುಕರು ಗೋಡೆಗೆ ಒರಗಿ ನಿಂತಿದ್ದರು. ಅವಳನ್ನು ಆಸ್ಪತ್ರೆಯ ಅಧಿಕಾರಿಯೊಬ್ಬರು ಹೊರಗೆ ಕರೆದು ಏನೋ ಜೋರಾಗಿ ಕೇಳುತ್ತಿದ್ದರು.

ಕಾರ್ಡು ಎದ್ದಿತು. ಚೀಟಿಯ ಅಂಚಿನಿಂದ ಹಸಿರು ಬೆಳಕಿನ ಒಂದು ಎಳೆ ಹಣಕಿತು. ಕಾರ್ಡಣ್ಣ ಉಗುರಿನಿಂದ ಚೀಟಿ ಎಬ್ಬಿಸಿದ. ಅದರ ಕೆಳಗೆ, ಒಂಬತ್ತು ವರ್ಷದಿಂದ ಅವನೇ ಮುಚ್ಚಿಟ್ಟಿದ್ದ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಚೀಟಿ ಇರದಿದ್ದರೆ ಅವಳು ಅದನ್ನು ನೋಡುತ್ತಿದ್ದಳು, ಕೇಬಲ್ಲು ಇಲ್ಲದಿದ್ದರೂ ಎಳೆಯುತ್ತಿರಲಿಲ್ಲ. ಅವನು ಆ ಚೀಟಿಯನ್ನು ತನ್ನ ಡೈರಿಯ ಕೊನೆಯ ಹಾಳೆಗೆ ಅಂಟಿಸಿ, ಮುಚ್ಚಿ, ಜೇಬಿಗೆ ಹಾಕಿದ. ಆ ಗಳಿಗೆಯಲ್ಲಿ ಕೆಟ್ಟ ಯೋಚನೆಯೇನೂ ಇರಲಿಲ್ಲ. ಕಸ ಕಂಡರೆ ತೆಗೆಯುವ ಅಭ್ಯಾಸ, ಅಷ್ಟೇ. ಕೆಟ್ಟ ಯೋಚನೆ ಬಂದದ್ದು ಮಾರನೇ ದಿನ.

ಗುರುವಾರ ಸೂಪರ್‌ವೈಸರ್ ಕರೆದರು. ಅವರ ಮುಂದೆ ಆಸ್ಪತ್ರೆಯವರು ಕಳಿಸಿದ ಫೋಟೊ ಇತ್ತು.

“ಚೀಟಿ ನೋಡಿ ಎಳೆದೆ ಅಂತಾಳೆ ಅವಳು. ಇಲ್ಲಿ ಯಾವ ಚೀಟಿನೂ ಇಲ್ಲ. ನೀವು ಹೋದಾಗ ಇತ್ತಾ?”

ನಿವೃತ್ತಿಗೆ ಎಂಟು ತಿಂಗಳು. ಇಪ್ಪತ್ತಾರು ವರ್ಷದ ಸೇವಾಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ.

“ಗಮನಿಸಲಿಲ್ಲ ಸಾರ್.”

“ಸರಿ ಬಿಡಿ. ಸೋಮವಾರ ಮೇಲಕ್ಕೆ ವರದಿ ಕಳಿಸ್ತೀನಿ. ಅವಳ ಒಪ್ಪಂದ ಇಲ್ಲಿಗೆ ಮುಗೀತು ಅಂದ್ಕೊಳ್ಳಿ. ತಪ್ಪು ಮಾಡಿದ್ರೆ ಕ್ಷಮಿಸಬಹುದು, ಸುಳ್ಳು ಹೇಳಿದ್ರೆ ಹೇಗೆ?”

ಅವಳ ಮಣಿಕಟ್ಟಿನ ಪಟ್ಟಿಯನ್ನೂ ಕೋಣೆಗಳ ಬೀಗದಕೈಗಳನ್ನೂ ತೆಗೆದುಕೊಂಡು, ಮೂಲೆಯ ಮೇಜಿನಲ್ಲಿ ಹಳೆಯ ಸ್ಕ್ರೂಗಳನ್ನು ಅಳತೆ ನೋಡಿ ವಿಂಗಡಿಸಲು ಕೂರಿಸಿದರು. ಗುರುವಾರ, ಶುಕ್ರವಾರ, ಶನಿವಾರ ಅವಳು ಅದನ್ನೇ ಮಾಡಿದಳು. ಅವನು ಚಹಾಕ್ಕೆ ಹೋಗುವಾಗ ಆ ಮೂಲೆ ಹಾಯದೆ ಸುತ್ತಿಕೊಂಡು ಹೋದ. ಅವಳೂ ತಲೆ ಎತ್ತಲಿಲ್ಲ. ಹೇಳಿಬಿಡೋಣ ಎಂದು ಎದ್ದಾಗಲೆಲ್ಲ ಒಂದು ಆಯಾಸ ಅವನನ್ನು ಭುಜ ಹಿಡಿದು ಕೂರಿಸುತ್ತಿತ್ತು. ಹೆದರಿಕೆಯಾಗಿದ್ದರೆ ಎದುರಿಸುತ್ತಿದ್ದನೇನೋ. ಇದು ಬರಿಯ ಸುಸ್ತು. ವಿವರಿಸಬೇಕು, ಬರೆದುಕೊಡಬೇಕು, ಬೈಸಿಕೊಳ್ಳಬೇಕು, ಅಷ್ಟಕ್ಕೆಲ್ಲ ತ್ರಾಣ ಎಲ್ಲಿದೆ ಎನ್ನಿಸುತ್ತಿತ್ತು.

ಶನಿವಾರ ಸಂಜೆ ಮನೆಯ ಎರಡು ಮಹಡಿ ಹತ್ತಿ ಬಂದು ಕುರ್ಚಿಗೆ ಬಿದ್ದ. ಹೆಂಡತಿ ಅಂಗಿ ಒಗೆಯಲು ಜೇಬು ಖಾಲಿ ಮಾಡುತ್ತಿದ್ದವಳು ಡೈರಿಯ ಹಾಳೆ ತಿರುವಿದಳು.

“ಇದೇನ್ರೀ, ಡೈರಿಗೂ ಚೀಟಿ ಅಂಟಿಸೋಕೆ ಶುರು ಮಾಡಿದ್ರಾ? ಅಡುಗೆಮನೆ ಡಬ್ಬಗಳು ಸಾಲಲಿಲ್ವಾ?”

ಅವಳ ಅಡುಗೆಮನೆಯ ಡಬ್ಬಗಳಿಗೆಲ್ಲ ಅವನು ಹಿಂದೊಮ್ಮೆ ರಜೆಯ ದಿನ ಕೂತು ಇದೇ ದಪ್ಪ ಅಕ್ಷರದಲ್ಲಿ ಸಕ್ಕರೆ, ಉಪ್ಪು, ಹಿಟ್ಟು ಎಂದು ಬರೆದು ಅಂಟಿಸಿದ್ದ.

“ಅದರಿಂದ ನಿನಗೆ ಅನುಕೂಲ ಆಯ್ತಲ್ಲ,” ಎಂದ.

“ಏನ್ ಅನುಕೂಲ? ಉಪ್ಪು ಅಂತ ಬರೆದಿರೋದ್ರಲ್ಲಿ ಈಗ ಸಕ್ಕರೆ ಇದೆ. ಹಿಟ್ಟಿನ ಡಬ್ಬದಲ್ಲಿ ಗುಂಡಿ, ದಾರ. ಡಬ್ಬ ಖಾಲಿಯಾದಾಗ ಕೈಗೆ ಸಿಕ್ಕಿದ್ದು ತುಂಬ್ತೀನಿ. ನಿಮ್ಮ ಚೀಟಿ ನೋಡಿ ನಾನು ಅಡುಗೆ ಮಾಡಿದ್ದಿದ್ರೆ ನೀವು ಇಷ್ಟೊತ್ತಿಗೆ ಮನೆ ಬಿಟ್ಟು ಓಡ್ತಿದ್ರಿ. ನಾನು ಮುಚ್ಚಳ ತೆಗೆದು ನೋಡ್ತೀನಿ. ಪಾಪ, ಬಂದ ನೆಂಟರು ನಂಬಿ ಮೋಸಹೋಗ್ತಾರೆ.”

ಅವನು ನಗಲಿಲ್ಲ. ಆಸ್ಪತ್ರೆಯಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳಿದ. ಅವಳು ಅಂಗಿ ಕೆಳಗಿಟ್ಟು ಕೇಳಿದಳು.

“ಆ ಹುಡುಗಿಗೆ ಇದು ನಿಮ್ಮ ಅಕ್ಷರ ಅಂತ ಗೊತ್ತಾ?”

“ಗೊತ್ತಿರಲಿಕ್ಕಿಲ್ಲ. ಗೊತ್ತಿದ್ರೆ ಹೇಳ್ತಿದ್ಲು.”

“ಮೂರು ವರ್ಷ ನಿಮ್ಮ ಪಕ್ಕದಲ್ಲಿ ಕೂತವಳಿಗೆ ಗೊತ್ತಿರಲ್ವೇನ್ರೀ? ಸುಮ್ನಿರಿ,” ಎಂದು ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಭಾನುವಾರ ಅವನು ಹಾಸಿಗೆಯಲ್ಲೇ ಇದ್ದ. ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ಚೀಲ ಇಡುವ ಮೊದಲೇ ಅವರ ಮೇಜಿನ ಮುಂದೆ ಡೈರಿಯ ಕೊನೆಯ ಹಾಳೆ ತೆರೆದು ಹಿಡಿದ.

“ಚೀಟಿ ಇತ್ತು ಸಾರ್. ಬರೆದವನು ನಾನು. ತೆಗೆದವನೂ ನಾನೇ. ಗುರುವಾರ ನಿಮಗೆ ಸುಳ್ಳು ಹೇಳಿದೆ.”

ಸೂಪರ್‌ವೈಸರ್ ಡೈರಿಯನ್ನು ಕೈಗೆ ತೆಗೆದುಕೊಂಡರು.

“ನಿಯಮ ಗೊತ್ತಿದ್ದವರು ನೀವು. ಬಂದವರಿಗೆಲ್ಲ ಕಲಿಸಿದವರು. ಯಾಕೆ ಅಂಟಿಸಿದ್ರಿ?”

“ಬಗ್ಗೋಕೆ ಆಗ್ತಿರಲಿಲ್ಲ ಸಾರ್.”

ಬೇರೆ ಯಾವ ಕಾರಣವನ್ನು ಹೇಳಿದ್ದರೂ ಅವರು ರೇಗುತ್ತಿದ್ದರೇನೋ. ಕನ್ನಡಕ ತೆಗೆದು ಒರೆಸಿಕೊಂಡರು.

“ಇಂಥವು ಇನ್ನೆಷ್ಟು ಕಡೆ ಇವೆ?”

“ನೆನಪಿಲ್ಲ. ಹತ್ತೊಂಬತ್ತೂ ಕಡೆ ನೋಡಬೇಕು.”

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ಕೇಬಲ್ಲು ಜೋಡಿಸದೆ ಕಾರ್ಡು ಎಳೆದದ್ದಕ್ಕೆ ಅವಳಿಗೊಂದು ಎಚ್ಚರಿಕೆಯ ಪತ್ರ. ಆದರೆ ನೌಕರಿ ಉಳಿಯಿತು, ಪಟ್ಟಿ ಮತ್ತು ಬೀಗದಕೈಗಳು ವಾಪಸು ಬಂದವು. ಅವನ ಸೇವಾಪುಸ್ತಕದಲ್ಲಿ ಅರ್ಧ ಪುಟ ಬರೆದರು. ಉಳಿದ ಎಂಟು ತಿಂಗಳು ಅವನು ಯಾವ ಪೆಟ್ಟಿಗೆಗೂ ಕೈ ಹಾಕುವ ಹಾಗಿಲ್ಲ. ಅವಳ ಜೊತೆ ಹೋಗಿ ಒಂದೊಂದು ಚೀಟಿಯನ್ನೂ ತೋರಿಸಬೇಕು, ಅವಳು ಪೆಟ್ಟಿಗೆಯನ್ನು ಕೇಳಿ, ಚೀಟಿ ಕಿತ್ತು, ಸರಿಯಿತ್ತೋ ತಪ್ಪಿತ್ತೋ ಹೇಳಬೇಕು, ಅವನು ಬರೆದುಕೊಳ್ಳಬೇಕು.

ಮೊದಲ ಎರಡು ದಿನ ಬಸ್ಸಿನಲ್ಲಿ ಅಕ್ಕಪಕ್ಕ ಕೂತರೂ ಅವಳು ಕೆಲಸದ ಮಾತು ಬಿಟ್ಟು ತುಟಿ ಬಿಚ್ಚಲಿಲ್ಲ. ಮೂರನೇ ದಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು:

“ನಿಮ್ಮ ಅಕ್ಷರ ಅಂತ ನನಗೆ ಅವತ್ತೇ ಗೊತ್ತಿತ್ತು ಅಣ್ಣಾ. ಅದಕ್ಕೇ ನಂಬಿ ಎಳೆದೆ.”

“ಸೂಪರ್‌ವೈಸರ್ ಹತ್ತಿರ ಯಾಕಮ್ಮ ಹೇಳಲಿಲ್ಲ?”

“ನೀವೇ ಹೇಳ್ತೀರಿ ಅಂದ್ಕೊಂಡೆ. ಗುರುವಾರ ಅಂದ್ಕೊಂಡೆ, ಶುಕ್ರವಾರ ಅಂದ್ಕೊಂಡೆ. ಶನಿವಾರ ಮನೆಗೆ ಹೋಗಿ ಮಗಳ ಶಾಲೆ ಬಿಡಿಸೋ ಮಾತಾಡಿದೆ. ಮೂರು ದಿನ ಅಣ್ಣಾ. ಸ್ಕ್ರೂ ಆರಿಸೋಕೆ ಕೂರಿಸಿದ್ರು ನನ್ನ.”

“ಹೌದಮ್ಮ,” ಎಂದ ಅವನು. ಅವರು ಇಳಿಯುವ ನಿಲ್ದಾಣ ಬಂತು.

ಆರನೆಯದು ಹಳೆಯ ಕಾಗದಪತ್ರಗಳನ್ನಿಡುವ ಒಂದು ಸರ್ಕಾರಿ ಕಟ್ಟಡ. ಪೆಟ್ಟಿಗೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು. ಅವನು ತಿರುವಿಗೊಮ್ಮೆ ನಿಂತು, ಉಸಿರು ತೆಗೆದುಕೊಂಡು, ಕೊನೆಗೂ ಮೇಲೆ ಮುಟ್ಟಿ ಒಂದು ಸ್ಟೂಲಿನ ಮೇಲೆ ಕುಸಿದ. ಅವಳು ನೆಲಕ್ಕೆ ಕೂತು ಕೇಬಲ್ಲು ಸಿಕ್ಕಿಸಿ ಪರದೆ ನೋಡಿದಳು.

“ಎಡಗಡೆದು ಆ್ಯಕ್ಟಿವ್. ಚೀಟಿ ಏನು ಹೇಳುತ್ತೆ?”

“ಸ್ಟ್ಯಾಂಡ್‌ಬೈ.”

ಅವಳು ಚೀಟಿ ಕಿತ್ತು ಅವನ ಕೈಗೆ ಕೊಟ್ಟಳು. “ತಪ್ಪು ಅಂತ ಬರೀರಿ. ಬರೆದವರು ಯಾರು ಅನ್ನೋ ಜಾಗದಲ್ಲಿ ಹೆಸರು ಬರೀರಿ. ಕಾರ್ಡಣ್ಣ ಅಂತ ಬರೆದ್ರೆ ಮೇಲಿನವರಿಗೆ ಅರ್ಥ ಆಗಲ್ಲ.”

ಅವನು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ನಿಧಾನವಾಗಿ, ಪೂರ್ತಿ ಹೆಸರು ಬರೆದ. ಆರರಲ್ಲಿ ಇದು ಮೂರನೇ ತಪ್ಪು. ಆ ಮೂರು ಕಡೆ ಯಾರ ಕೈ ಯಾವತ್ತು ಬೀಳಬೇಕಿತ್ತೋ.

“ಇನ್ನೆಷ್ಟಿವೆ?” ಎಂದಳು ಕೇಬಲ್ಲು ಸುತ್ತುತ್ತ.

“ಹದಿಮೂರು.”

“ನಡೀರಿ ಹಾಗಾದ್ರೆ. ಇಳಿಯುವಾಗ ನನ್ನ ಹೆಗಲು ಹಿಡ್ಕೊಳ್ಳಿ. ನೀವು ಬಿದ್ರೆ ಆ ವರದಿನೂ ನಾನೇ ಬರೀಬೇಕು.”

ಅವನು ಹೆಗಲು ಹಿಡಿಯಲಿಲ್ಲ, ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದ. ಎರಡನೇ ತಿರುವಿನಲ್ಲಿ ಹಿಡಿದ.