ನಗುವ ಪಿಚ್ಚರಿಗೆ ಎರಡು ಟಿಕೀಟು

ನಗಿಸುವ ಸಿನಿಮಾ ಅಂದ ಕೂಡಲೇ ಮೂಗು ಮುರಿಯುವವರ ಜೊತೆ ನನಗೊಂದು ಜಗಳವಿದೆ. ಗಂಭೀರ ಸಿನಿಮಾಗಳ ಮೇಲೆ ನನಗೇನೂ ಸಿಟ್ಟಿಲ್ಲ. ಹುಕ್ಕೇರಿಯ ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ಎಷ್ಟೋ ಅಂಥವನ್ನು ಮೊಬೈಲಿನಲ್ಲಿ ನೋಡಿದ್ದೇನೆ, ಅತ್ತಿದ್ದೇನೆ, ಮರುದಿನ ಸ್ಟಾಫ್ ರೂಮಿನಲ್ಲಿ ವಾದಕ್ಕೆ ನಿಂತಿದ್ದೇನೆ. ನನ್ನ ಸಿಟ್ಟೆಲ್ಲ, ಯಾರು ಏನು ನೋಡಬೇಕು ಎಂದು ಇನ್ನೊಬ್ಬರ ಪರವಾಗಿ ತಾವೇ ತೀರ್ಮಾನ ಮಾಡುವವರ ಮೇಲೆ. ಅಂಥವರಲ್ಲಿ ಮೊದಲನೆಯವರು ನಮ್ಮ ಕಾಕಾ, ಅಪ್ಪನ ತಮ್ಮ.

ಅಪ್ಪ ತೀರಿಕೊಂಡದ್ದು ಹೋದ ವರ್ಷದ ಬೇಸಿಗೆಯಲ್ಲಿ. ಮೂಡಲಗಿಯಲ್ಲಿ ನಮ್ಮದು ಕೂಡಿದ ಮನೆ. ಅವ್ವ, ಕಾಕಾ, ಕಾಕಾನ ಹೆಂಡತಿ ಮಕ್ಕಳು ಎಲ್ಲರದೂ ಒಂದೇ ಒಲೆಯ ಊಟ. ಅಪ್ಪ ಅವ್ವ ಇಬ್ಬರೂ ಸಿನಿಮಾ ಹುಚ್ಚರು, ಅದೂ ನಗುವ ಸಿನಿಮಾದ ಹುಚ್ಚರು. ಹೊಸದೊಂದು ಬಂತೆಂದರೆ ಗೋಕಾಕಕ್ಕೆ ಹೋಗಿ ಮಧ್ಯಾಹ್ನದ ಆಟ ನೋಡಿ, ಬಸ್ ಸ್ಟ್ಯಾಂಡಿನ ಬಾಜೂ ಬಿಸಿ ಭಜಿ ತಿಂದು ಬರುತ್ತಿದ್ದರು. ಅಪ್ಪನಿಗೆ ಪರದೆಯ ಜೊತೆ ಮಾತಾಡುವ ಚಟ. "ಲೇ, ಹಿಂದ ನೋಡಲೇ, ನಿಮ್ಮ ಮಾವ ಬಂದಾನ" ಎಂದು ಕೂತಲ್ಲಿಂದಲೇ ಕೂಗುತ್ತಿದ್ದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಸದ್ದಿಲ್ಲದೆ ನಗುತ್ತ ಅವರ ರಟ್ಟೆ ಚಿವುಟುತ್ತಿದ್ದಳು.

ಅಪ್ಪ ಹೋದ ಮೇಲೆ ಅವ್ವನಿಗೆ ಯಾರೂ ಏನನ್ನೂ ಬೇಡ ಅನ್ನಲಿಲ್ಲ. ನಮ್ಮದು ವಚನ ಹೇಳುವ ಮನೆ, ಬಳೆ ತೆಗಿ, ಮೂಲೆ ಹಿಡಿ ಅನ್ನುವುದೆಲ್ಲ ನಮ್ಮಲ್ಲಿ ನಡೆಯದು ಎಂದು ಕಾಕಾ ಬೀಗರ ಮುಂದೆ ಎದೆ ತಟ್ಟಿಕೊಂಡರು. ಆದರೆ ಟಿವಿಯಲ್ಲಿ ಹಾಸ್ಯ ನಡೆದಾಗ ಅವ್ವ ಪಡಸಾಲೆಗೆ ಬಂದರೆ ಸಾಕು, ಅದೇ ಕಾಕಾ ಚಾನೆಲ್ ಬದಲಿಸುತ್ತಿದ್ದರು. ಧಾರಾವಾಹಿಯ ಸೊಸೆ ಬಿಕ್ಕಿ ಬಿಕ್ಕಿ ಅತ್ತರೆ ಅಡ್ಡಿಯಿಲ್ಲ. ಸುದ್ದಿಯಲ್ಲಿ ಬಸ್ಸು ಉರುಳಿಬಿದ್ದರೂ ಅಡ್ಡಿಯಿಲ್ಲ. ನಗು ಮಾತ್ರ ಆಗದು. ಯಾರೂ ಬಾಯಿಬಿಟ್ಟು ಹೇಳದ ಈ ಕಟ್ಟಳೆ ನನ್ನ ಗಮನಕ್ಕೆ ಬಂದ ದಿನ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವ್ವ ನಗುವುದನ್ನೇ ಬಿಟ್ಟಿದ್ದಳು. ಇನ್ನು ಈಕೆ ನಗುವುದೇ ಇಲ್ಲವೇನೋ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಅದೇ ವರ್ಷದ ದೀಪಾವಳಿ ರಜೆಯಲ್ಲಿ ನಾನು ಮೂಡಲಗಿಗೆ ಹೋಗಿದ್ದಾಗ ಕಾಕಾ ಮನೆಮಂದಿಯನ್ನೆಲ್ಲ ಸಿನಿಮಾಕ್ಕೆ ಹೊರಡಿಸಿದರು. ಹೊಳೆ ಬಂದು ಊರು ಮುಳುಗಿದವರ ಕತೆಯಂತೆ. ಪೇಪರಿನವರು ಹೊಗಳಿದ್ದಾರಂತೆ.

"ವೈನಿ, ನೀವೂ ಬರ್ರಿ" ಎಂದು ಅವ್ವನನ್ನು ಕರೆದರು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ಹಾಗೇ ಕರೆಯುವುದು. "ಇದರಾಗ ಹಾಡು, ಕುಣಿತ, ನಗಚಾಟ್ಲಿ ಏನೂ ಇಲ್ಲ. ನೀವು ನೋಡಿದ್ರ ಯಾರೂ ಏನೂ ಅನ್ನೂದಿಲ್ಲ."

ಅವ್ವ ಸೀರೆ ಬದಲಿಸಿ ಬಂದಳು.

ಅಪ್ಪ ಅವ್ವ ಹೋಗುತ್ತಿದ್ದ ಗೋಕಾಕದ ಟಾಕೀಜಿನಲ್ಲಿ ಈಗ ಅಕ್ಕಪಕ್ಕ ಎರಡು ಪರದೆ. ಒಂದು ಕಡೆ ಹೊಳೆಯ ಸಿನಿಮಾ. ಇನ್ನೊಂದು ಕಡೆಯ ಪೋಸ್ಟರಿನಲ್ಲಿ ಒಬ್ಬ ದಪ್ಪ ಮನುಷ್ಯ ನೀರಿನ ಟಾಕಿಯ ಮೇಲೆ ಧೋತರ ಹಿಡಿದುಕೊಂಡು ನಿಂತಿದ್ದ. ಅವ್ವ ಅದರ ಮುಂದೆ ಬಹಳ ಹೊತ್ತು ನಿಂತಳು.

"ನಾ ಈ ಬಾಜೂಕ ಹೋಗತೇನಿ" ಅಂದಳು.

ಕಾಕಾ ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ವೈನಿ, ಅದು ಬರೇ ಹುಚ್ಚಾಟ. ಇದರಾಗ ನಮ್ಮ ಭಾಗದ ಕಷ್ಟ ಐತಿ, ಸಮಾಜಕ್ಕ ಸಂದೇಶ ಐತಿ."

"ನನ್ನ ತವರೂರಿಗಿ ಹೊಳಿ ಬಂದಾಗ ನಮ್ಮವ್ವನ್ನ ಕರಕೊಂಡು ಸಾಲ್ಯಾಗ ಮಲಗಿದಾಕಿ ನಾ. ಆ ಕತಿ ನನಗ ಬಾಯಿಪಾಠ ಐತಿ. ನೋಡದಿದ್ದವ್ರು ನೋಡ್ರಿ, ಛಲೋ ಆತು."

"ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮಂದಿ ಏನಂದಾರು?"

"ಅಳಾಕ ಟಿಕೀಟ ಯಾಕ್ರಿ? ಅದನ್ನ ಮನ್ಯಾಗ ಪುಕ್ಕಟ ಮಾಡಾಕತ್ತೇನಿ."

ಅಷ್ಟರಲ್ಲಿ ನಾನು ಕಿಟಕಿಗೆ ಕೈ ಹಾಕಿ ನಗುವ ಪಿಚ್ಚರಿಗೆ ಎರಡು ಟಿಕೀಟು ತೆಗೆದುಕೊಂಡೆ. ಹೆಮ್ಮೆಯಿಂದಲೇ ತೆಗೆದುಕೊಂಡೆ.

ಆದರೆ ಮೊದಲರ್ಧ ಪೂರ್ತಿ ಟಾಕೀಜು ತುಂಬ ಜನ ಬಿದ್ದು ಬಿದ್ದು ನಗುತ್ತಿದ್ದಾರೆ, ಅವ್ವ ಕಲ್ಲಿನಂತೆ ಕೂತಿದ್ದಾಳೆ. ನಾನು ಪರದೆ ನೋಡುವುದು ಬಿಟ್ಟು ಅವಳ ತುಟಿಯನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ.

ಇಂಟರ್‌ವಲ್‌ನಲ್ಲಿ ಕಾಕಾ ಶೇಂಗಾ ಹಿಡಿದುಕೊಂಡು ಬಂದರು. ಅವರ ಕಣ್ಣು ಕೆಂಪಾಗಿದ್ದವು. ಕೆಟ್ಟ ಮನುಷ್ಯರಲ್ಲ, ಅಣ್ಣನ ಹೆಸರು ಬಂದರೆ ಇವತ್ತಿಗೂ ಎದ್ದು ಅಂಗಳಕ್ಕೆ ಹೋಗಿಬಿಡುತ್ತಾರೆ. ಅವ್ವನ ಮುಖ ನೋಡಿ ಮೆತ್ತಗೆ ಅಂದರು: "ನಗು ಬರಲಿಲ್ಲ ಹೌದಲ್ಲರಿ ವೈನಿ? ಬರೂದಿಲ್ಲರಿ. ಈಗರೆ ಈ ಕಡೆ ಬರ್ರಿ."

ಆ ಮೆತ್ತನೆಯ ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವ್ವ ಶೇಂಗಾ ಇಸಿದುಕೊಂಡಳು, "ಇನ್ನೂ ಅರ್ಧ ಐತಿ" ಅಂದಳು, ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು.

ಎರಡನೆಯ ಅರ್ಧದಲ್ಲಿ ಆ ದಪ್ಪ ಮನುಷ್ಯ ಟಾಕಿ ಹತ್ತಿಬಿಟ್ಟು ಇಳಿಯಲು ಬಾರದೆ, ಅಲ್ಲಿಂದಲೇ ಬೀಗರ ಜೊತೆ ಮಗಳ ಮದುವೆಯ ಮಾತುಕತೆ ಶುರುಮಾಡಿದ. ಕೆಳಗಿನವರು ಚಹಾದ ಕಿಟ್ಲಿಯನ್ನು ಹಗ್ಗಕ್ಕೆ ಕಟ್ಟಿದರು. ಕಿಟ್ಲಿ ಮೇಲೇರುತ್ತದೆ, ಅವನು ಬಗ್ಗುತ್ತಾನೆ, ಧೋತರ ಜಾರುತ್ತದೆ, ಕಿಟ್ಲಿ ಬಿಟ್ಟು ಧೋತರ ಹಿಡಿಯುತ್ತಾನೆ. ಮತ್ತೆ ಕಟ್ಟುತ್ತಾರೆ, ಮತ್ತೆ ಅದೇ.

"ಧೋತ್ರ ಬಿಡಲೇ, ಚಹಾ ಆರಾಕತ್ತೈತಿ."

ಯಾರು ಕೂಗಿದ್ದು ಎಂದು ಮುಂದಿನ ಸಾಲಿನವರೆಲ್ಲ ತಿರುಗಿದರು. ನಾನೂ ತಿರುಗಿದೆ. ಕೂಗಿದ್ದು ಅವ್ವ. ಪರದೆಗೆ ಕೈ ಮಾಡಿ, ಥೇಟ್ ಅಪ್ಪನ ದನಿಯಲ್ಲಿ. ಕೂಗಿದ ಮರುಕ್ಷಣ ತನ್ನ ಮಾತಿಗೆ ತಾನೇ ನಕ್ಕಳು. ಸೆರಗು ಹೆಗಲ ಮೇಲೆಯೇ ಇತ್ತು, ಬಾಯಿಗೆ ಬರಲಿಲ್ಲ. ನಕ್ಕು ನಕ್ಕು ಕೆಮ್ಮಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಮತ್ತೆ ನಕ್ಕಳು, ನನ್ನ ರಟ್ಟೆ ನೋಯುವಂತೆ ಚಿವುಟಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ನಾನು ಅತ್ತುಬಿಟ್ಟೆ.

ಎರಡೂ ಆಟ ಹೆಚ್ಚುಕಡಿಮೆ ಒಟ್ಟಿಗೇ ಬಿಟ್ಟವು. ಮೆಟ್ಟಿಲ ಮೇಲೆ ಕಾಕಾನ ಜೊತೆ ನಮ್ಮ ಓಣಿಯ ಹೆಂಗಸೊಬ್ಬಳು ನಿಂತಿದ್ದಳು, ಅವಳೂ ಹೊಳೆಯ ಸಿನಿಮಾ ನೋಡಿ ಬಂದವಳು. ಅವ್ವನ ಕೆಂಪು ಕಣ್ಣು, ಒದ್ದೆ ಕೆನ್ನೆ ಕಂಡು ಮರುಗಿದಳು.

"ಪಾಪ, ಎಷ್ಟ ಅತ್ತೀರಿ ಅಕ್ಕಾರ."

"ಹೂಂ, ಪಿಚ್ಚರ್ ಅಂಥಾದ್ದ ಐತಿ" ಎಂದು ಕಾಕಾ ಲಗುಬಗೆಯಿಂದ ಅಂದು ಅವ್ವನತ್ತ ನೋಡಿದರು. ಇನ್ನು ಅವ್ವ ಸುಮ್ಮನಿದ್ದರೆ ಆಯಿತು, ಮೂಡಲಗಿಯ ಓಣಿಯಲ್ಲಿ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು.

ಅವ್ವ ಕೆನ್ನೆ ಒರೆಸಿಕೊಂಡಳು. ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳಿಸುವಂತೆ ಅಂದಳು.

"ಅತ್ತಿಲ್ಲ ತಂಗಿ. ನಕ್ಕೇನಿ."

ಆಮೇಲೆ ಕಾಕಾನ ಕಡೆ ತಿರುಗಿ, "ನಡೀರಿ, ನಿಮ್ಮಣ್ಣ ತಿನ್ನೂ ಭಜಿ ಅಂಗಡಿ ತೋರಸ್ತೇನಿ" ಎಂದು ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದಳು.